ಮೂರು ದಿನಕ್ಕೆ ಒಂದು ಚೀಟಿ: ಬರ್ಲಿನ್ನಿನ ಮ್ಯೂಸಿಯಂ ಪಾಸು

ಇವತ್ತು ನಾನು ಮಾತಾಡುವುದು ಬರ್ಲಿನ್ ನಗರದ ಮ್ಯೂಸಿಯಂ ಪಾಸಿನ ಬಗ್ಗೆ. ಜರ್ಮನಿಯ ರಾಜಧಾನಿಯಲ್ಲಿ ಮಾರುವ ಒಂದು ಚೀಟಿಗೂ ನಮಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಇದೆ. ಮಗನೋ ಮಗಳೋ ಜರ್ಮನಿಯಲ್ಲಿ ಓದುತ್ತಿರುವ, ಕೆಲಸದಲ್ಲಿರುವ ಮನೆಗಳು ಈಗ ನಮ್ಮ ಬೀದಿಬೀದಿಯಲ್ಲೂ ಇವೆ. ಬೇಸಿಗೆ ಬಂತೆಂದರೆ ತಂದೆತಾಯಿ ಅಲ್ಲಿಗೆ ಹೊರಡುತ್ತಾರೆ. ಶನಿವಾರ ಭಾನುವಾರ ಮಕ್ಕಳು ಊರು ತೋರಿಸುತ್ತಾರೆ. ಉಳಿದ ದಿನ ಅವರು ಕೆಲಸಕ್ಕೆ ಹೋಗುತ್ತಾರೆ. ಇವರು ಮನೆಯಲ್ಲಿ ಕಿಟಕಿ ನೋಡುತ್ತಾ ಕೂರುತ್ತಾರೆ. ಹೊರಗೆ ಹೋದರೆ ಖರ್ಚು ಎಂಬ ಭಯ. ಮ್ಯೂಸಿಯಂ ಬಾಗಿಲವರೆಗೆ ಹೋಗಿ, ಟಿಕೆಟ್ ದರವನ್ನು ರೂಪಾಯಿಗೆ ಲೆಕ್ಕ ಹಾಕಿ, ಹಾಗೇ ಹಿಂದಿರುಗಿದವರು ನನಗೆ ಗೊತ್ತು. ಅಂಥವರಿಗಾಗಿ ಈ ಮಾತು.

ಮೊದಲು ಪಾಸು ಎಂದರೇನು ನೋಡೋಣ. ಹಂಪಿಗೆ ಹೋದವರಿಗೆ ಇದು ಬೇಗ ತಿಳಿಯುತ್ತದೆ. ವಿಜಯವಿಠ್ಠಲ ದೇವಾಲಯದಲ್ಲಿ ಕೊಂಡ ಟಿಕೆಟನ್ನು ಅದೇ ದಿನ ಕಮಲ ಮಹಲಿನ ಬಾಗಿಲಲ್ಲಿ ತೋರಿಸಿದರೆ ಸಾಕು, ಮತ್ತೆ ದುಡ್ಡು ಕೊಡಬೇಕಿಲ್ಲ. ಒಂದು ಚೀಟಿ, ಹಲವು ಬಾಗಿಲು. ಬರ್ಲಿನ್ನಿನ ಪಾಸು ಇದನ್ನೇ ದೊಡ್ಡದಾಗಿ ಮಾಡುತ್ತದೆ. ಅಲ್ಲಿ ಒಂದು ಚೀಟಿಗೆ 30ಕ್ಕೂ ಹೆಚ್ಚು ಮ್ಯೂಸಿಯಂಗಳು ತೆರೆಯುತ್ತವೆ. ಅವಧಿ ಮೂರು ದಿನ. ಬೆಲೆ 30 ಯೂರೋಗಿಂತ ಸ್ವಲ್ಪ ಹೆಚ್ಚು. ಲೆಕ್ಕದ ಅನುಕೂಲಕ್ಕೆ ಯೂರೋಗೆ 100 ರೂಪಾಯಿ ಎಂದು ಹಿಡಿಯೋಣ. ಆಗ ಪಾಸು 3,000 ರೂಪಾಯಿ ಚಿಲ್ಲರೆ. ವಿದ್ಯಾರ್ಥಿಗಳಿಗೆ ಗುರುತಿನ ಚೀಟಿ ತೋರಿಸಿದರೆ ಇದರ ಅರ್ಧ. ದರಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ನಾನು ಹೇಳುವ ಅಂಕಿಗಿಂತ ಲೆಕ್ಕ ಹಾಕುವ ರೀತಿಯನ್ನು ನೆನಪಿಟ್ಟುಕೊಳ್ಳಿ.

ಒಂದೊಂದೇ ಮ್ಯೂಸಿಯಂಗೆ ಬಿಡಿ ಟಿಕೆಟ್ ಕೊಂಡರೆ ಎಷ್ಟು? ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಸುಮಾರಾಗಿ 12 ಯೂರೋ ಎನ್ನೋಣ. ಎರಡು ಮ್ಯೂಸಿಯಂ ನೋಡಿದರೆ 24. ಆಗ ಪಾಸು ನಷ್ಟ. ಮೂರು ನೋಡಿದರೆ 36. ಪಾಸಿನ ಹಣ ಅಲ್ಲಿಗೆ ಹುಟ್ಟಿತು. ಐದು ನೋಡಿದರೆ 60. ಅಂದರೆ ತಲೆಗೆ 2,500 ರೂಪಾಯಿಗೂ ಹೆಚ್ಚು ಉಳಿತಾಯ. ಗಂಡ ಹೆಂಡತಿ ಇಬ್ಬರೂ ಹೋದರೆ 5,000 ರೂಪಾಯಿ ದಾಟುತ್ತದೆ. ಇದು ಚಿಕ್ಕ ಮೊತ್ತವಲ್ಲ.

ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಬರ್ಲಿನ್ನಿನ ಸರ್ಕಾರಿ ಮ್ಯೂಸಿಯಂಗಳಲ್ಲಿ 18 ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವವರು ಸಂಭ್ರಮದಲ್ಲಿ ಅವರಿಗೂ ಪಾಸು ಕೊಂಡುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಕೌಂಟರಿನಲ್ಲಿ ಕೇಳಿ. ನಮ್ಮ ರೈಲಿನಲ್ಲಿ ಹಿಂದೆ ಇದ್ದಂತೆ ಹಿರಿಯ ನಾಗರಿಕರಿಗೆ ಎಲ್ಲೆಡೆ ರಿಯಾಯಿತಿ ಇದ್ದೇ ಇರುತ್ತದೆ ಎಂದೂ ಎಣಿಸಬೇಡಿ. ಅದನ್ನೂ ಕೇಳಿಯೇ ತಿಳಿಯಬೇಕು.

ಇನ್ನೊಂದು ಮಾತು. ನಿಮ್ಮ ಹತ್ತಿರ ಒಂದೇ ದಿನ ಇದೆ, ಐದು ಮ್ಯೂಸಿಯಂಗಳು ಒಟ್ಟಿಗಿರುವ ಮ್ಯೂಸಿಯಂ ದ್ವೀಪವನ್ನು ಮಾತ್ರ ನೋಡುತ್ತೀರಿ ಎಂದುಕೊಳ್ಳಿ. ಆಗ ಮೂರು ದಿನದ ಪಾಸು ಬೇಡ. ಆ ದ್ವೀಪಕ್ಕೆಂದೇ ಒಂದು ದಿನದ ಟಿಕೆಟ್ ಇದೆ. ಅದು ಪಾಸಿಗಿಂತ ಅಗ್ಗ. ಅಲ್ಲಿ ಎರಡು ಮ್ಯೂಸಿಯಂ ನೋಡಿದರೆ ಅದರ ಹಣ ಹೆಚ್ಚುಕಡಿಮೆ ಹುಟ್ಟಿಬಿಡುತ್ತದೆ.

ಈವರೆಗೆ ಹೇಳಿದ್ದು ಇಷ್ಟು. ಮೂರು ಮ್ಯೂಸಿಯಂ ನೋಡುವವರಿಗೆ ಪಾಸು ಸಮ, ಹೆಚ್ಚು ನೋಡುವವರಿಗೆ ಲಾಭ, ಮಕ್ಕಳಿಗೆ ಬೇಡ, ಒಂದೇ ದಿನ ಇರುವವರಿಗೂ ಬೇಡ. ಇನ್ನು ಮುಂದಿನ ಪ್ರಶ್ನೆ. ಯಾವ ಮೂರು ದಿನ?

ಇಲ್ಲಿ ಬಹಳ ಜನ ಎಡವುತ್ತಾರೆ. ಪಾಸಿನ ಮೂರು ದಿನ ಒಂದರ ಹಿಂದೆ ಒಂದು ಬರಬೇಕು. ಇವತ್ತು ಒಂದು, ಮುಂದಿನ ವಾರ ಎರಡು ಎಂದರೆ ನಡೆಯುವುದಿಲ್ಲ. ಬರ್ಲಿನ್ನಿನ ಬಹುತೇಕ ದೊಡ್ಡ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಶನಿವಾರ ಪಾಸು ಆರಂಭಿಸಿದಿರಿ ಎನ್ನಿ. ಶನಿವಾರ ಆಯಿತು, ಭಾನುವಾರ ಆಯಿತು, ಸೋಮವಾರ ಬಾಗಿಲು ಹಾಕಿದೆ. ಮೂರನೆಯ ಒಂದು ಭಾಗ ಹಣ ಹೋಯಿತು. ಹಾಗೆಯೇ ಸಂಜೆ ನಾಲ್ಕಕ್ಕೆ ಮೊದಲ ಬಾಗಿಲಲ್ಲಿ ಪಾಸು ತೋರಿಸಿದರೆ ಬಾಗಿಲು ಹಾಕುವವರೆಗಿನ ಎರಡು ಗಂಟೆಗಾಗಿ ಒಂದು ಇಡೀ ದಿನ ಖರ್ಚು. ನನ್ನ ಸಲಹೆ ಕೇಳಿದರೆ ಬುಧವಾರ, ಗುರುವಾರ, ಶುಕ್ರವಾರ. ಬೆಳಗ್ಗೆಯೇ ಆರಂಭಿಸಿ. ವಾರದ ನಡುವೆ ಜನಸಂದಣಿಯೂ ಕಡಿಮೆ. ವಾರಾಂತ್ಯವನ್ನು ಮಕ್ಕಳ ಜೊತೆ ಕಳೆಯಲು ಬಿಟ್ಟುಕೊಳ್ಳಬಹುದು.

ಕೆಲವು ವರ್ಷ ಬರ್ಲಿನ್ನಿನಲ್ಲಿ ಪಾಸಿಲ್ಲದೆಯೂ ಒಂದು ದಾರಿಯಿತ್ತು. 2021ರ ಜುಲೈಯಲ್ಲಿ ತಿಂಗಳ ಮೊದಲ ಭಾನುವಾರ ಉಚಿತ ಪ್ರವೇಶ ಎಂಬ ಯೋಜನೆ ಬಂತು. ಬಡವರು, ವಲಸೆ ಬಂದವರು, ಮಕ್ಕಳೊಂದಿಗರು ಆ ದಿನ ತುಂಬಿಕೊಳ್ಳುತ್ತಿದ್ದರು. ನಗರದ ಆಡಳಿತಕ್ಕೆ ಹಣದ ಮುಗ್ಗಟ್ಟು ಬಂದು 2024ರ ಕೊನೆಗೆ ಅದನ್ನು ನಿಲ್ಲಿಸಿದರು. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಮ್ಯೂಸಿಯಂನ ಒಳಗಿರುವುದು ಎಲ್ಲರ ಸ್ವತ್ತು. ತಿಂಗಳಿಗೆ ಒಂದು ದಿನವಾದರೂ ಬಾಗಿಲು ದುಡ್ಡು ಕೇಳದೆ ತೆರೆಯಬೇಕು. ಆ ಭಾನುವಾರ ಇಲ್ಲವಾದ್ದರಿಂದ ಈಗ ಪಾಸಿಗೆ ಮೊದಲಿಗಿಂತ ಹೆಚ್ಚು ಮಹತ್ವ ಬಂದಿದೆ. ಹಳೆಯ ಪ್ರವಾಸ ಪುಸ್ತಕ ನಂಬಿ ಮೊದಲ ಭಾನುವಾರಕ್ಕೆ ಕಾಯುವವರು ಇದನ್ನು ಗಮನಿಸಬೇಕು.

ಇನ್ನೊಂದು ಮುಚ್ಚಿದ ಬಾಗಿಲ ಮಾತೂ ಹೇಳಿಬಿಡುತ್ತೇನೆ. ಬರ್ಲಿನ್ ಎಂದರೆ ಪೆರ್ಗಮಾನ್ ಮ್ಯೂಸಿಯಂ ಎಂದು ಎಷ್ಟೋ ಜನ ಕೇಳಿದ್ದೀರಿ. ಬ್ಯಾಬಿಲೋನಿನ ನೀಲಿ ಇಟ್ಟಿಗೆಯ ಇಷ್ಟಾರ್ ದ್ವಾರ ಇರುವುದು ಅಲ್ಲಿ. ದುರಸ್ತಿಗಾಗಿ 2023ರ ಅಕ್ಟೋಬರಿನಲ್ಲಿ ಅದನ್ನು ಪೂರ್ತಿ ಮುಚ್ಚಿದರು. ಒಂದು ಭಾಗವನ್ನು 2027ರಲ್ಲಿ ತೆರೆಯುವ ಯೋಜನೆ ಇದೆ. ಇಷ್ಟಾರ್ ದ್ವಾರ ಇರುವ ಭಾಗಕ್ಕೆ ಇನ್ನೂ ಸುಮಾರು ಹತ್ತು ವರ್ಷ ಬೇಕು. ಅದೊಂದಕ್ಕಾಗಿ ಪಾಸು ಕೊಳ್ಳುವವರು ಮೊದಲು ವಿಚಾರಿಸಿ.

ಹಣದ ಲೆಕ್ಕ ಆಯಿತು, ದಿನದ ಲೆಕ್ಕ ಆಯಿತು. ಈಗ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ ವಿಷಯಕ್ಕೆ ಬರುತ್ತೇನೆ. ಪಾಸು ಕೈಗೆ ಬಂದ ಮೇಲೆ ಹೇಗೆ ನೋಡಬೇಕು?

ಪಾಸು ಕೊಂಡವರಿಗೆ ಒಂದು ಆತುರ ಹತ್ತಿಕೊಳ್ಳುತ್ತದೆ. ಕೊಟ್ಟ ದುಡ್ಡು ವಸೂಲಾಗಬೇಕು. ಮೂವತ್ತು ಮ್ಯೂಸಿಯಂ ಇದ್ದರೆ ಹತ್ತನ್ನಾದರೂ ಮುಟ್ಟಬೇಕು. ಫುಲ್ ಮೀಲ್ಸ್ ಕೂಪನ್ ಕೊಂಡವನು ಕೇಳಿದಷ್ಟು ಬಡಿಸುತ್ತಾರೆಂದು ಹೊಟ್ಟೆ ಕೆಡುವಷ್ಟು ಉಂಡ ಹಾಗೆ. ಮಧ್ಯಾಹ್ನ ಎರಡು ಗಂಟೆಗೆ ಕಾಲು ಸೋಲುತ್ತದೆ. ಆಮೇಲೆ ನೋಡಿದ್ದೊಂದೂ ತಲೆಗೆ ಹೋಗುವುದಿಲ್ಲ.

ನಾನು ಹೇಳುವುದು ಇದಕ್ಕೆ ವಿರುದ್ಧ. ಬಿಡಿ ಟಿಕೆಟ್ ಕೊಂಡವರು ಕೊಟ್ಟ 12 ಯೂರೋಗೆ ಕಟ್ಟುಬಿದ್ದು ಒಂದೇ ಕಟ್ಟಡದಲ್ಲಿ ನಾಲ್ಕು ಗಂಟೆ ಅಲೆಯುತ್ತಾರೆ. ಪಾಸು ಇರುವವರಿಗೆ ಆ ಕಟ್ಟಿಲ್ಲ. ಒಂದು ಮ್ಯೂಸಿಯಂಗೆ ಒಂದೇ ಚಿತ್ರ ನೋಡಲು ಹೋಗಬಹುದು. ಅದರ ಮುಂದಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಹೊರಗೆ ಬರಬಹುದು. ಮನಸ್ಸಿಗೆ ನಷ್ಟ ಎನಿಸುವುದಿಲ್ಲ. ಪಾಸಿನಿಂದ ಉಳಿಯುವ ಹಣಕ್ಕಿಂತ ಈ ನಿರಾಳ ದೊಡ್ಡದು ಎಂದು ನಾನು ನಂಬುತ್ತೇನೆ.

ಹಾಗಾದರೆ ಏನನ್ನು ನೋಡುವುದು? ದಿನಕ್ಕೆ ಎರಡು ಮ್ಯೂಸಿಯಂ. ಒಂದೊಂದರಲ್ಲಿ ಒಂದೆರಡು ವಸ್ತು. ಮೊದಲ ದಿನ ಮ್ಯೂಸಿಯಂ ದ್ವೀಪಕ್ಕೆ ಹೋಗಿ. ಬರ್ಲಿನ್ ನಡುವೆ ಸ್ಪ್ರೇ ಎಂಬ ನದಿ ಹರಿಯುತ್ತದೆ. ಅದರ ಎರಡು ಕವಲುಗಳ ನಡುವಿನ ನೆಲದಲ್ಲಿ ಐದು ಮ್ಯೂಸಿಯಂಗಳು ಒತ್ತೊತ್ತಾಗಿ ನಿಂತಿವೆ. ಮೊದಲನೆಯದು ತೆರೆದದ್ದು 1830ರಲ್ಲಿ. ಐದನೆಯದು 1930ರಲ್ಲಿ. ನೂರು ವರ್ಷದ ಕಟ್ಟುವಿಕೆ. 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದರ ಬಾಗಿಲಿಂದ ಇನ್ನೊಂದರ ಬಾಗಿಲಿಗೆ ಕೆಲವೇ ನಿಮಿಷದ ನಡಿಗೆ. ಮಂಡಿ ನೋವಿರುವವರಿಗೂ ಕಷ್ಟವಿಲ್ಲ.

ಅಲ್ಲಿ ನೋಯೆಸ್ ಮ್ಯೂಸಿಯಂ ಎಂಬುದಿದೆ. ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಅದು ದಶಕಗಳ ಕಾಲ ಹಾಳು ಬಿದ್ದಿತ್ತು. ಡೇವಿಡ್ ಚಿಪ್ಪರ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ಅದನ್ನು ಮತ್ತೆ ಕಟ್ಟಿದರು. 2009ರಲ್ಲಿ ಬಾಗಿಲು ತೆರೆಯಿತು. ಹಳೆಯ ಗೋಡೆಯ ಗಾಯಗಳನ್ನು ಅವರು ಬಣ್ಣ ಬಳಿದು ಮುಚ್ಚಲಿಲ್ಲ. ಸುಟ್ಟ ಇಟ್ಟಿಗೆ, ಅರ್ಧ ಅಳಿದ ಚಿತ್ತಾರ ಹಾಗೇ ಇವೆ. ಹೊಸದು ಹೊಸದಾಗಿಯೇ ಕಾಣುತ್ತದೆ. ಆ ಗೋಡೆಗಳೇ ಒಂದು ಪ್ರದರ್ಶನ.

ಅದರ ಮೇಲಂತಸ್ತಿನ ಗುಮ್ಮಟದ ಕೋಣೆಯಲ್ಲಿ ಈಜಿಪ್ಟಿನ ರಾಣಿ ನೆಫರ್‌ಟೀಟಿಯ ಎದೆಮಟ್ಟದ ಮೂರ್ತಿ ಇದೆ. ಎತ್ತರ ಸುಮಾರು ಅರ್ಧ ಮೀಟರು. ಸುಣ್ಣಕಲ್ಲಿನ ಮೇಲೆ ಗಾರೆ ಮೆತ್ತಿ ಬಣ್ಣ ಹಚ್ಚಿದ್ದಾರೆ. ತಲೆಯ ಮೇಲೆ ಎತ್ತರದ ನೀಲಿ ಕಿರೀಟ. ಉದ್ದವಾದ ಕತ್ತು. ಬಲಗಣ್ಣಿದೆ, ಎಡಗಣ್ಣಿನ ಜಾಗ ಖಾಲಿ. 3,300 ವರ್ಷಕ್ಕೂ ಹಿಂದಿನದು. ಬಣ್ಣ ನಿನ್ನೆ ಹಚ್ಚಿದಂತಿದೆ. 1912ರ ಡಿಸೆಂಬರಿನಲ್ಲಿ ಜರ್ಮನ್ ಉತ್ಖನನಕಾರರಿಗೆ ಅಮರ್ನಾ ಎಂಬಲ್ಲಿ, ಒಬ್ಬ ಶಿಲ್ಪಿಯ ಕೆಲಸದ ಮನೆಯ ಅವಶೇಷದಲ್ಲಿ ಇದು ಸಿಕ್ಕಿತು. ನಮ್ಮ ರಾಣಿಯನ್ನು ಹಿಂದಿರುಗಿಸಿ ಎಂದು ಈಜಿಪ್ಟ್ ಇಂದಿಗೂ ಕೇಳುತ್ತಿದೆ. ನೋಡುವಾಗ ಅದೂ ನಿಮ್ಮ ಮನಸ್ಸಿನಲ್ಲಿರಲಿ. ಆ ಕೋಣೆಯಲ್ಲಿ ಫೋಟೊ ತೆಗೆಯುವಂತಿಲ್ಲ. ಅದು ಒಳ್ಳೆಯದೇ. ಎಲ್ಲರೂ ಕಣ್ಣಿಂದಲೇ ನೋಡುತ್ತಾರೆ.

ಪಕ್ಕದಲ್ಲೇ ಆಲ್ಟೆ ನ್ಯಾಷನಲ್‌ಗ್ಯಾಲರಿ. ಇಲ್ಲಿ ಒಂದು ಚಿತ್ರದ ಬಗ್ಗೆ ಭದ್ರಾವತಿಯ ಕೇಳುಗರಿಗೆ ವಿಶೇಷವಾಗಿ ಹೇಳಬೇಕು. ಅಡೋಲ್ಫ್ ಮೆನ್ಜೆಲ್ ಎಂಬ ಚಿತ್ರಕಾರ 1870ರ ದಶಕದಲ್ಲಿ ಒಂದು ಕಬ್ಬಿಣದ ಕಾರ್ಖಾನೆಯನ್ನು ಬರೆದಿದ್ದಾನೆ. ಎರಡೂವರೆ ಮೀಟರು ಅಗಲದ ಕ್ಯಾನ್ವಾಸು. ನಡುವೆ ಕೆಂಡದಂತೆ ಕಾದ ಕಬ್ಬಿಣದ ತುಂಡು. ಇಕ್ಕಳ ಹಿಡಿದ ಕೆಲಸಗಾರರು ಅದನ್ನು ಉರುಳೆಗಳ ನಡುವೆ ತಳ್ಳುತ್ತಿದ್ದಾರೆ. ಬೆಳಕೆಲ್ಲ ಆ ತುಂಡಿನಿಂದಲೇ ಬಂದಂತಿದೆ. ಮುಖಗಳು ಕೆಂಪಾಗಿವೆ. ಎಡಕ್ಕೆ, ಪಾಳಿ ಮುಗಿಸಿದವರು ಮೈ ತೊಳೆಯುತ್ತಿದ್ದಾರೆ. ಬಲಕ್ಕೆ, ಕೆಳಮೂಲೆಯಲ್ಲಿ, ಒಂದು ತಗಡಿನ ಮರೆಯಲ್ಲಿ ಕೆಲವರು ಗಬಗಬ ಉಣ್ಣುತ್ತಿದ್ದಾರೆ. ಊಟ ತಂದ ಹುಡುಗಿ ಬುಟ್ಟಿಯ ಮೇಲೆ ಬಗ್ಗಿದ್ದಾಳೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಭದ್ರಾವತಿಯಲ್ಲಿ ಎದ್ದ ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳಿ ಬೆಳೆದವರಿಗೆ, ಅಪ್ಪನಿಗೆ ಕ್ಯಾರಿಯರ್ ಒಯ್ದವರಿಗೆ, ಈ ಮೂಲೆಯನ್ನು ಯಾರೂ ವಿವರಿಸಬೇಕಿಲ್ಲ. ಅರಸರ ಚಿತ್ರಗಳು ಯುರೋಪಿನಲ್ಲಿ ಎಲ್ಲೆಲ್ಲೂ ಸಿಗುತ್ತವೆ. ಪಾಳಿಯ ನಡುವೆ ಉಣ್ಣುವ ಕೂಲಿಯ ಚಿತ್ರ ಇಷ್ಟು ದೊಡ್ಡದಾಗಿ ಸಿಗುವುದು ಅಪರೂಪ.

ಮೊದಲ ದಿನಕ್ಕೆ ಇಷ್ಟು ಸಾಕು. ಎರಡು ಮ್ಯೂಸಿಯಂ, ಒಂದು ಮೂರ್ತಿ, ಒಂದು ಚಿತ್ರ. ಎರಡನೆಯ ದಿನ ಪೋಟ್ಸ್‌ಡಾಮರ್ ಚೌಕದ ಕಡೆಗೆ ಹೋಗೋಣ. ಅಲ್ಲಿ ಗೆಮೆಲ್ಡೆಗ್ಯಾಲರಿ ಎಂಬ ಚಿತ್ರಶಾಲೆ ಇದೆ. ರೆಂಬ್ರಾಂಟ್ ಇದ್ದಾನೆ, ವರ್ಮೀರ್ ಇದ್ದಾನೆ. ಆದರೆ ನಿಮಗೆ ನಾನು ತೋರಿಸಲು ಬಯಸುವುದು ಹಿರಿಯ ಬ್ರೂಗೆಲ್ 1559ರಲ್ಲಿ ಬರೆದ ಗಾದೆಗಳ ಚಿತ್ರ.

ಒಂದು ಹಳ್ಳಿ. ಹೊಳೆ ದಂಡೆ, ಮನೆಗಳು, ಒಂದು ಗೋಪುರ. ಎಲ್ಲೆಡೆ ಜನ ಏನೋ ಹುಚ್ಚು ಕೆಲಸದಲ್ಲಿ ತೊಡಗಿದ್ದಾರೆ. ಒಬ್ಬ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ಒಬ್ಬ ಹಂದಿಗಳ ಮುಂದೆ ಗುಲಾಬಿ ಎಸೆಯುತ್ತಿದ್ದಾನೆ. ಒಬ್ಬ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುತ್ತಿದ್ದಾನೆ. ಕರು ಬಿದ್ದು ಸತ್ತ ಗುಂಡಿಯನ್ನು ಒಬ್ಬ ಈಗ ಮುಚ್ಚುತ್ತಿದ್ದಾನೆ. ಪ್ರತಿಯೊಬ್ಬನೂ ಒಂದು ಗಾದೆ. ನೂರಕ್ಕೂ ಹೆಚ್ಚು ಗಾದೆಗಳು ಒಂದೇ ಹಲಗೆಯ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆ ನಮಗೆ ಗೊತ್ತು. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂಬುದೂ ಗೊತ್ತು. ಜರ್ಮನ್ ಬಾರದ, ಕಲೆಯ ಪುಸ್ತಕ ಓದದ ನಮ್ಮ ಹಳ್ಳಿಯ ಅಜ್ಜಿಯೊಬ್ಬರು ಈ ಚಿತ್ರದ ಮುಂದೆ ನಿಂತರೆ ಅರ್ಧದಷ್ಟನ್ನು ತಾವೇ ಬಿಡಿಸಿ ಹೇಳಬಲ್ಲರು. ಈ ಒಂದು ಚಿತ್ರಕ್ಕೆ ಒಂದು ಗಂಟೆ ಕೊಡಿ. ಜೊತೆಗೆ ಮೊಮ್ಮಕ್ಕಳಿದ್ದರೆ ಯಾರು ಹೆಚ್ಚು ಗಾದೆ ಹುಡುಕುತ್ತಾರೆ ನೋಡೋಣ ಎಂದು ಪಂದ್ಯ ಕಟ್ಟಿ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ನೋಯೆ ನ್ಯಾಷನಲ್‌ಗ್ಯಾಲರಿ. ಮೀಸ್ ವಾನ್ ಡೆರ್ ರೋಹೆಯ ಗಾಜು ಉಕ್ಕಿನ ಕಟ್ಟಡ, 1968ರದು. ಆಧುನಿಕ ಕಲೆ ಇಷ್ಟವಿದ್ದರೆ ಒಳಗೆ ಹೋಗಿ. ಇಲ್ಲವಾದರೆ ಹೊರಗಿನಿಂದ ನೋಡಿ ಮುಂದೆ ನಡೆಯಿರಿ. ಪಾಸು ಇದೆ ಎಂಬ ಒಂದೇ ಕಾರಣಕ್ಕೆ ಹೋಗಬೇಕಿಲ್ಲ.

ಎರಡು ದಿನ ಮುಗಿಯಿತು. ಮೂರನೆಯ ದಿನವನ್ನು ಮೊಮ್ಮಕ್ಕಳಿಗೆ ಬಿಡಿ. ಇನ್ವಾಲಿಡೆನ್ ರಸ್ತೆಯ ನಿಸರ್ಗ ಮ್ಯೂಸಿಯಂನಲ್ಲಿ ಒಂದು ಡೈನೋಸಾರಿನ ಅಸ್ಥಿಪಂಜರ ಇದೆ. ಎತ್ತರ 13 ಮೀಟರು, ಅಂದರೆ ನಾಲ್ಕು ಅಂತಸ್ತಿನ ಮನೆಯಷ್ಟು. ಕತ್ತು ಎತ್ತಿ ನಿಂತ ಆ ಪ್ರಾಣಿಯನ್ನು ನೋಡಲು ನಾವೂ ಕತ್ತು ಎತ್ತಬೇಕು. ಅದರ ಮೂಳೆಗಳು ಬಂದದ್ದು ಇಂದಿನ ಟಾಂಜಾನಿಯಾದಿಂದ. ಅದು ಜರ್ಮನಿಯ ವಸಾಹತಾಗಿದ್ದಾಗ, ಸ್ಥಳೀಯ ಕೂಲಿಗಳು ತಲೆಹೊರೆಯಲ್ಲಿ ಸಮುದ್ರದಂಡೆಗೆ ಸಾಗಿಸಿದ ಮೂಳೆಗಳಿವು. ಇದು ಸರ್ಕಾರಿ ಮ್ಯೂಸಿಯಂಗಳ ಗುಂಪಿಗೆ ಸೇರಿದ್ದಲ್ಲ. ಆದ್ದರಿಂದ ಮಕ್ಕಳ ಟಿಕೆಟ್ ನಿಯಮವನ್ನು ಇಲ್ಲಿ ಬೇರೆಯಾಗಿ ಕೇಳಿ. ಸಂಜೆ ಶಕ್ತಿ ಉಳಿದಿದ್ದರೆ ತಂತ್ರಜ್ಞಾನ ಮ್ಯೂಸಿಯಂ ಇದೆ. ಹಳೆಯ ಉಗಿಬಂಡಿಗಳ ಶೆಡ್ಡಿನಲ್ಲಿ ರೈಲು ಎಂಜಿನುಗಳು ಸಾಲಾಗಿ ನಿಂತಿವೆ.

ನೋಡುವ ಬಗೆ ಹೇಳಿದ್ದಾಯಿತು. ಇನ್ನು ಜೇಬಿನಿಂದ ಸೋರಿಹೋಗುವ ಚಿಲ್ಲರೆ ಖರ್ಚಿನ ಬಗ್ಗೆ ಸ್ವಲ್ಪ. ಈ ಪಾಸಿನಲ್ಲಿ ಬಸ್ಸು, ಮೆಟ್ರೊ ಸೇರಿಲ್ಲ. ಪ್ರಯಾಣ ಸೇರಿದ ಬೇರೆ ಪ್ರವಾಸಿ ಕಾರ್ಡುಗಳು ಇವೆ. ಅವುಗಳಲ್ಲಿ ಕೆಲವು ಮ್ಯೂಸಿಯಂ ಟಿಕೆಟ್ಟಿಗೆ ರಿಯಾಯಿತಿ ಮಾತ್ರ ಕೊಡುತ್ತವೆ, ಪೂರ್ತಿ ಪ್ರವೇಶವಲ್ಲ. ಎರಡನ್ನೂ ಒಂದೇ ಎಂದುಕೊಂಡು ಕೊಳ್ಳುವವರು ಬಹಳ. ಮಕ್ಕಳು ನಿಮಗೆ ತಿಂಗಳ ಪ್ರಯಾಣ ಟಿಕೆಟ್ ಕೊಡಿಸಿದ್ದರೆ ಬರೀ ಮ್ಯೂಸಿಯಂ ಪಾಸು ಸಾಕು. ಬಿಡಿ ಪ್ರಯಾಣ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಲು ಮರೆಯಬೇಡಿ. ಮುದ್ರೆ ಇಲ್ಲದ ಟಿಕೆಟ್ ಟಿಕೆಟ್ಟಲ್ಲ. ಸಿಕ್ಕಿಬಿದ್ದರೆ ದಂಡ 60 ಯೂರೋ. ಹೆಚ್ಚುಕಡಿಮೆ ಎರಡು ಪಾಸಿನ ಹಣ.

ಪಾಸಿನ ಮೇಲೆ ನಿಮ್ಮ ಹೆಸರು ಬರೆಯಬೇಕು. ಒಬ್ಬರ ಪಾಸು ಇನ್ನೊಬ್ಬರಿಗೆ ನಡೆಯದು. ಜನ ಹೆಚ್ಚು ಬರುವ ಕಡೆ, ಪಾಸು ಇದ್ದರೂ, ಒಳಹೋಗುವ ಸಮಯವನ್ನು ಮುಂಚೆಯೇ ಕಾಯ್ದಿರಿಸಬೇಕಾಗಬಹುದು. ಹಿಂದಿನ ರಾತ್ರಿ ಮಗನಿಗೋ ಮಗಳಿಗೋ ಹೇಳಿದರೆ ಫೋನಿನಲ್ಲೇ ಆಗುತ್ತದೆ. ವಿಶೇಷ ಪ್ರದರ್ಶನಗಳಿಗೆ ಕೆಲವೊಮ್ಮೆ ಬೇರೆ ಹಣ ಕೇಳುತ್ತಾರೆ. ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಲಾಕರಿನಲ್ಲಿಟ್ಟು, ಮಧ್ಯಾಹ್ನ ಹೊರಬಂದು ಹೊಳೆ ದಂಡೆಯ ಹುಲ್ಲಿನ ಮೇಲೆ ಕೂತು ತಿನ್ನಬಹುದು. ಅಲ್ಲಿನವರೂ ಹಾಗೇ ಮಾಡುತ್ತಾರೆ.

ಕೊನೆಯದಾಗಿ, ಪಾಸು ಬೇಕೇ ಇಲ್ಲದ ಜಾಗಗಳು. ಪಾಸಿನ ಮೂರು ದಿನದೊಳಗೆ ಇವುಗಳನ್ನು ತುರುಕಬೇಡಿ. ಉಳಿದ ದಿನಕ್ಕೆ ಇಟ್ಟುಕೊಳ್ಳಿ. ಬರ್ನಾವರ್ ರಸ್ತೆಯಲ್ಲಿ ಬರ್ಲಿನ್ ಗೋಡೆಯ ಒಂದು ತುಂಡನ್ನು ಕಾವಲು ಗೋಪುರ ಸಮೇತ ಉಳಿಸಿದ್ದಾರೆ. 1961ರಲ್ಲಿ ಒಂದು ಬೀದಿಯ ಈಚೆ ಮನೆ ಒಂದು ದೇಶ, ಅದರ ಮುಂದಿನ ಪಾದಚಾರಿ ದಾರಿ ಇನ್ನೊಂದು ದೇಶವಾದದ್ದು ಇಲ್ಲಿ. ಜನ ಕಿಟಕಿಯಿಂದ ಧುಮುಕಿ ತಪ್ಪಿಸಿಕೊಂಡದ್ದೂ ಇಲ್ಲಿ. ನಾಜಿಗಳ ಗುಪ್ತ ಪೊಲೀಸರ ಮುಖ್ಯ ಕಚೇರಿ ಇದ್ದ ಜಾಗದಲ್ಲಿ ಟೊಪೊಗ್ರಫಿ ಆಫ್ ಟೆರರ್ ಎಂಬ ದಾಖಲೆ ಪ್ರದರ್ಶನ ಇದೆ. ಅದು ಸೋಮವಾರವೂ ತೆರೆದಿರುತ್ತದೆ. ಎರಡಕ್ಕೂ ಪ್ರವೇಶ ಉಚಿತ. ಉಳಿದ ಮ್ಯೂಸಿಯಂಗಳು ಬಾಗಿಲು ಹಾಕಿದ ಸೋಮವಾರಕ್ಕೆ ಇವು ಸರಿಯಾದ ಜಾಗಗಳು.

ಇನ್ನು ಹಂಬೋಲ್ಟ್ ಫೋರಂ ಎಂಬ ಮ್ಯೂಸಿಯಂ ಕಟ್ಟಡ. ಮ್ಯೂಸಿಯಂ ದ್ವೀಪದ ಎದುರಿಗೇ ಇದೆ. ಅದಕ್ಕೆ ಸೋಮವಾರವಲ್ಲ, ಮಂಗಳವಾರ ರಜೆ. ಅದರ ಹೊರಗೆ, ಬೀದಿಯಲ್ಲೇ, ಸಾಂಚಿಯ ಸ್ತೂಪದ ಪೂರ್ವ ತೋರಣದ ಕಲ್ಲಿನ ಪ್ರತಿಕೃತಿ ನಿಂತಿದೆ. ಎತ್ತರ ಸುಮಾರು 10 ಮೀಟರು. 2022ರಲ್ಲಿ ಅಲ್ಲಿ ಅದನ್ನು ನಿಲ್ಲಿಸಿದರು. ಅದನ್ನು ನೋಡಲು ಯಾವ ಚೀಟಿಯೂ ಬೇಡ, ಹೊತ್ತಿನ ಕಟ್ಟೂ ಇಲ್ಲ.

ಅಲ್ಲೇ ನೆಲೆಸಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ನೀವು ಮೂರು ದಿನದ ಪಾಸು ಕೊಳ್ಳಬೇಡಿ. ಸರ್ಕಾರಿ ಮ್ಯೂಸಿಯಂಗಳ ವರ್ಷದ ಕಾರ್ಡು ಕೊಳ್ಳಿ. ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಒಳಗೆ ಹೋಗಿ ಬನ್ನಿ. ಅಪ್ಪ ಅಮ್ಮ ಬರುವ ಹೊತ್ತಿಗೆ ಯಾವ ಕೋಣೆಯಲ್ಲಿ ಬೆಂಚಿದೆ, ಯಾವ ಬಾಗಿಲಲ್ಲಿ ಲಿಫ್ಟಿದೆ, ಅವರು ಯಾವ ಚಿತ್ರದ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ ಎಂಬುದು ನಿಮಗೆ ಗೊತ್ತಿರುತ್ತದೆ.